ಅಳಿವೆಯ ಊರಿಗೆ ಒಂದು ದಿನ

ನದಿ ಕಡಲನ್ನು ಕೂಡುವ ಸ್ಥಳಕ್ಕೆ ಗ್ರಂಥಗಳಲ್ಲಿ ‘ನದೀಮುಖ’ ಎಂದು ಹೆಸರು. ನಮ್ಮ ಕರಾವಳಿಯ ಜನ ಅದನ್ನು ‘ಅಳಿವೆ’ ಎನ್ನುತ್ತಾರೆ; ‘ಅಳಿವೆಬಾಗಿಲು’ ಎಂದು ಹೇಳುವುದೂ ಉಂಟು. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನ್ನಂಥ ಕನ್ನಡ ಮೇಷ್ಟರಿಗೆ ‘ಅಳಿ’ ಎಂಬ ಧಾತು ನೆನಪಾಗುತ್ತದೆ. ಶಬ್ದದ ಹುಟ್ಟು ಅದೇ ಎಂದು ನಾನು ಹಟ ಹಿಡಿಯುವವನಲ್ಲ. ಆದರೆ ನದಿಯ ಹೆಸರು ಅಳಿದು ಕಡಲಿನ ಹೆಸರು ಉಳಿಯುವ ಸ್ಥಳ ಅದು. ಇಂದು ದಡವಿದ್ದಲ್ಲಿ ನಾಳೆ ನೀರಿರುವ ಸ್ಥಳವೂ ಅದೇ. ಅಂಥದೊಂದು ಅಳಿವೆಗೆ ವಾಚಕರನ್ನು ಇಂದು ಕರೆದುಕೊಂಡು ಹೋಗಬೇಕೆಂದಿದ್ದೇನೆ. ಬೆಳಗ್ಗೆ ಹೊರಟು ರಾತ್ರಿಯ ವಾರ್ತೆಯ ಹೊತ್ತಿಗೆ ಮನೆ ಸೇರಬಹುದು. ಖರ್ಚೇನೂ ಇಲ್ಲ, ಮಕ್ಕಳ ಭೂಪಟವೊಂದನ್ನು ಮುಂದೆ ಹರಡಿಕೊಂಡರಾಯಿತು. ನಾನೂ ಆ ಊರಿಗೆ ಕಾಲಿಟ್ಟವನಲ್ಲ. ಪಟದ ಮೇಲೂ ಪುಸ್ತಕಗಳಲ್ಲಿಯೂ ತಿರುಗಾಡಿ ಬಂದವನು.

ಪಟದಲ್ಲಿ ಮೊದಲು ನಮ್ಮ ಬೆಳಗಾವಿ, ಬಾಗಲಕೋಟೆಗಳನ್ನು ಹುಡುಕಿರಿ. ಅವು ಹೆಚ್ಚುಕಡಿಮೆ 16ನೆಯ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಅದೇ ಗೆರೆಯ ಮೇಲೆ ಬೆರಳಿಟ್ಟು ನೇರವಾಗಿ ಪಡುವಣಕ್ಕೆ ಸಾಗಿರಿ. ಅರಬ್ಬೀ ಸಮುದ್ರ, ಯೆಮನ್, ಕೆಂಪು ಸಮುದ್ರ ಕಳೆದು ಬೆರಳು ಆಫ್ರಿಕ ಖಂಡವನ್ನು ಹೊಗುತ್ತದೆ. ಸುಡಾನ್, ಚಾಡ್, ನೈಜರ್, ಮಾಲಿ ದೇಶಗಳನ್ನು ಹಾಯ್ದು, ಖಂಡದ ಆಚೆಯ ಅಂಚಿನಲ್ಲಿ ಅಟ್ಲಾಂಟಿಕ್ ಸಾಗರವನ್ನು ಮುಟ್ಟುವಲ್ಲಿ ಒಂದು ಚುಕ್ಕೆಯಿದೆ. ಅದೇ ಸೇಂಟ್ ಲೂಯಿ ಪಟ್ಟಣ. ಸೆನೆಗಲ್ ದೇಶದ ರಾಜಧಾನಿಯಾದ ಡಕಾರಿನಿಂದ ಉತ್ತರಕ್ಕೆ ಸುಮಾರು 260 ಕಿ.ಮೀ. ದೂರ. ಸೆನೆಗಲ್ ನದಿ ಕಡಲಿಗೆ ಬೀಳುವುದು ಇದರ ಬಳಿಯಲ್ಲಿಯೇ.

ಈ ನದಿಯ ಉದ್ದ ಸುಮಾರು 1,800 ಕಿ.ಮೀ. ಗಿನಿ ದೇಶದ ಫೂಟಾ ಜಲೋನ್ ಎಂಬ ಮಲೆನಾಡಿನಲ್ಲಿ ಇದರ ಮೂಲವಿದೆ. ಬಾಫಿಂಗ್ ಎಂದರೆ ಕರಿಹೊಳೆ. ಬಾಕೋಯ್ ಎಂದರೆ ಬಿಳಿಹೊಳೆ. ಇವೆರಡೂ ಮಾಲಿ ದೇಶದ ಬಾಫುಲಾಬೆ ಎಂಬಲ್ಲಿ ಕೂಡಿ ಸೆನೆಗಲ್ ನದಿಯಾಗುತ್ತವೆ. ಅಲ್ಲಿಂದ ಮುಂದೆ ನದಿ ಮರಳುಗಾಡಿನ ಅಂಚನ್ನು ಹಿಡಿದು, ಬಲಕ್ಕೆ ಮಾರಿಟೇನಿಯ, ಎಡಕ್ಕೆ ಸೆನೆಗಲ್ ದೇಶಗಳ ನಡುವೆ ಎಲ್ಲೆಯಾಗಿ ಹರಿಯುತ್ತದೆ. ಕಡಲು ಇನ್ನೇನು ಸಿಕ್ಕಿತು ಎನ್ನುವಷ್ಟರಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಅಲೆಗಳ ಸದ್ದು ಕೇಳುವಷ್ಟು ಹತ್ತಿರ ಬಂದ ನದಿ ಕಡಲನ್ನು ಸೇರದೆ, ಎಡಕ್ಕೆ ಹೊರಳಿ, ದಡದ ಉದ್ದಕ್ಕೂ ದಕ್ಷಿಣಕ್ಕೆ ಹರಿಯತೊಡಗುತ್ತದೆ.

ಇದಕ್ಕೆ ಕಾರಣ ನಡುವೆ ಅಡ್ಡಬಿದ್ದಿರುವ ಮರಳಿನ ಒಂದು ಪಟ್ಟಿ. ಮಂಗಳೂರಿನ ಕಡೆಯವರಾದರೆ ಇಂಥದನ್ನು ‘ಬೆಂಗ್ರೆ’ ಎಂದು ಕರೆಯುತ್ತಿದ್ದರು. ಫ್ರೆಂಚರು ಇದಕ್ಕೆ ‘ಲಾಂಗ್ ದ ಬಾರ್ಬರಿ’, ಅಂದರೆ ಬಾರ್ಬರಿಯ ನಾಲಗೆ, ಎಂದು ಹೆಸರಿಟ್ಟರು. ಹೆಸರಿಗೆ ತಕ್ಕಂತೆ ಅದು ನಾಲಗೆಯಂತೆಯೇ ನೀಳವಾಗಿದೆ. ಅಗಲವಾದರೋ ಹಲವೆಡೆ ಕೆಲವು ನೂರು ಮೀಟರು ಮಾತ್ರ. ಇದನ್ನು ಕಟ್ಟಿದ್ದು ಕಡಲು. ಆ ಕರಾವಳಿಗೆ ಅಲೆಗಳು ಹೆಚ್ಚಾಗಿ ವಾಯವ್ಯದಿಂದ ಓರೆಯಾಗಿ ಬಂದು ಬಡಿಯುತ್ತವೆ. ಓರೆಯಾಗಿ ಏರಿದ ಅಲೆ ಮರಳನ್ನು ಓರೆಯಾಗಿ ಮೇಲಕ್ಕೊಯ್ಯುತ್ತದೆ. ಹಿಂದಿರುಗುವಾಗ ನೇರವಾಗಿ ಕೆಳಕ್ಕೆ ಜಾರಿಸುತ್ತದೆ. ಹೀಗೆ ಒಂದೊಂದು ಅಲೆಗೂ ಮರಳಿನ ಕಣ ಒಂದೊಂದು ಹೆಜ್ಜೆ ದಕ್ಷಿಣಕ್ಕೆ ನಡೆಯುತ್ತದೆ. ಹಗಲೂ ರಾತ್ರಿ ಬಿಡುವಿಲ್ಲದ ಈ ಕೆಲಸದಿಂದ ವರ್ಷಕ್ಕೆ ಲಕ್ಷಗಟ್ಟಲೆ ಘನ ಮೀಟರು ಮರಳು ಸಾಗುತ್ತದೆ. ಹೊಳೆಯ ಬಾಯಿಗೆ ಮರಳು ಬಂದು ಬಿದ್ದಂತೆಲ್ಲ ಹೊಳೆ ದಕ್ಷಿಣಕ್ಕೆ ಸರಿಯಿತು. 2003ರ ವೇಳೆಗೆ ಅಳಿವೆ ಪಟ್ಟಣದಿಂದ ಸುಮಾರು 30 ಕಿ.ಮೀ. ಕೆಳಗಿದ್ದಿತು. ನಡುನಡುವೆ ಕಡಲೋ ನದಿಯೋ ನಾಲಗೆಯನ್ನು ಕಡಿದುಹಾಕಿದ್ದುಂಟು; ಮರಳು ಮತ್ತೆ ಬಂದು ಕಟ್ಟಿದ್ದೂ ಉಂಟು. ಇದು ಪ್ರಕೃತಿಯ ಹಳೆಯ ಲೆಕ್ಕಾಚಾರ.

ಈಗ ಬೆಳಗಾಗಿದೆ, ಊರೊಳಗೆ ಹೋಗೋಣ. ಸೇಂಟ್ ಲೂಯಿಯ ಹಳೆಯ ಭಾಗ ನದಿಯ ನಡುವಿನ ಒಂದು ಕಿರಿಯ ದ್ವೀಪ. ಒಂದು ತುದಿಯಿಂದ ಇನ್ನೊಂದು ತುದಿಗೆ ಅರ್ಧ ಗಂಟೆಯ ನಡಿಗೆ. ನಡೆಯಲಾರದವರಿಗೆ ನಮ್ಮ ಜಟಕಾದಂಥ ಕುದುರೆಗಾಡಿಗಳಿವೆ. ಸ್ಥಳೀಯರು ಊರನ್ನು ‘ಎನ್‌ದಾರ್’ ಎಂದೇ ಕರೆಯುತ್ತಾರೆ. ಪೂರ್ವದ ನೆಲಭಾಗದಿಂದ ದ್ವೀಪಕ್ಕೆ ಬರಲು ಸುಮಾರು 500 ಮೀಟರು ಉದ್ದದ ಉಕ್ಕಿನ ಸೇತುವೆಯೊಂದಿದೆ. ಫೆಡೆರ್ಬ್ ಎಂಬ ಫ್ರೆಂಚ್ ಗವರ್ನರನ ಹೆಸರು ಹೊತ್ತ ಇದು 1897ರಲ್ಲಿ ತೆರೆಯಿತು. ಹಡಗು ಬಂದಾಗ ದಾರಿ ಬಿಡುವಂತೆ ಇದರ ಒಂದು ಕಮಾನನ್ನು ತಿರುಗಿಸುವ ಏರ್ಪಾಡನ್ನೂ ಮಾಡಿದ್ದರು. ಮರದ ಮೊಗಸಾಲೆಗಳೂ ಸುಣ್ಣದ ಗೋಡೆಗಳೂ ಉಳ್ಳ ಹಳೆಯ ಮನೆಗಳ ಈ ದ್ವೀಪವನ್ನು ಯುನೆಸ್ಕೊ ಸಂಸ್ಥೆ 2000ದಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಫ್ರೆಂಚರು ಇಲ್ಲಿ ನೆಲೆಯೂರಿದ್ದು 1659ರಲ್ಲಿ. ಸುತ್ತ ನೀರು, ಮುಂದೆ ಮರಳಿನ ಕೋಟೆ. ಒಳಗೆ ಹೊಕ್ಕರೆ ನೂರಾರು ಮೈಲಿ ದೇಶದೊಳಕ್ಕೆ ಒಯ್ಯುವ ಹೊಳೆ. ವರ್ತಕನಿಗೆ ಇದಕ್ಕಿಂತ ಬೇರೇನು ಬೇಕು? ಇಲ್ಲಿಂದ ಗುಲಾಮರನ್ನು ಸಾಗಿಸಿದರೆಂಬುದು ಆ ವ್ಯಾಪಾರದ ಕರಾಳ ಭಾಗ. ಮಾರಿಟೇನಿಯದ ಜಾಲಿಯ ಜಾತಿಯ ಮರಗಳಿಂದ ಒಸರುವ ಗೋಂದು ಮತ್ತೊಂದು ದೊಡ್ಡ ಸರಕು. ಯೂರೋಪಿನ ಬಟ್ಟೆಯ ಗಿರಣಿಗಳಿಗೆ ಅದು ಬೇಕಾಗಿದ್ದಿತು. ಈ ಗೋಂದಿಗೆ ಬದಲಾಗಿ ಅಲ್ಲಿಯವರು ಕೇಳುತ್ತಿದ್ದುದು ಯಾವುದನ್ನು ಬಲ್ಲಿರಾ? ನಮ್ಮ ನೆರೆಯ ಪುದುಚೇರಿಯ ಕಡೆಯಿಂದ ಹೋಗುತ್ತಿದ್ದ ನೀಲಿಯ ಹತ್ತಿಬಟ್ಟೆಯನ್ನು. ‘ಗಿನಿ’ ಎಂದು ಹೆಸರಾದ ಈ ಬಟ್ಟೆ ಹತ್ತೊಂಬತ್ತನೆಯ ಶತಮಾನದಲ್ಲಿ ಆ ಹೊಳೆಯ ದಂಡೆಯಲ್ಲಿ ಹಣದಂತೆಯೇ ಚಲಾವಣೆಯಾಗುತ್ತಿದ್ದಿತು.

ಊರನ್ನು ಬೆಳೆಸಿದ ಅಳಿವೆಯೇ ಅದರ ಕೈಯನ್ನೂ ಕಟ್ಟಿತು. ಅಳಿವೆಯ ಬಾಯಲ್ಲಿ ನೀರಿನಡಿಯ ಮರಳ ದಿಣ್ಣೆಯೊಂದು ಸದಾ ಅಡ್ಡವಿರುತ್ತಿದ್ದಿತು. ಅದು ಇದ್ದಲ್ಲಿ ಇರುತ್ತಲೂ ಇರಲಿಲ್ಲ. ಹಡಗುಗಳು ಹೊರಗೆ ನಿಂತು ಕಾಯಬೇಕಾಗುತ್ತಿದ್ದಿತು. ಹಡಗುಗಳು ದೊಡ್ಡವಾದಂತೆ ಈ ತೊಂದರೆಯೂ ದೊಡ್ಡದಾಯಿತು. ಇತ್ತ ಡಕಾರಿನಲ್ಲಿ ಆಳವಾದ ಸಹಜ ಬಂದರು ಇದ್ದಿತು. 1885ರಲ್ಲಿ ಎರಡೂ ಊರುಗಳ ನಡುವೆ ರೈಲುದಾರಿಯಾಯಿತು. 1895ರಲ್ಲಿ ಫ್ರೆಂಚ್ ಪಶ್ಚಿಮ ಆಫ್ರಿಕದ ರಾಜಧಾನಿಯಾಗಿದ್ದ ಸೇಂಟ್ ಲೂಯಿ 1902ರಲ್ಲಿ ಆ ಪದವಿಯನ್ನು ಡಕಾರಿಗೆ ಬಿಟ್ಟುಕೊಡಬೇಕಾಯಿತು. ಮರಳಿನ ಕಣಗಳು ಒಂದು ರಾಜಧಾನಿಯನ್ನೇ ಸರಿಸಿಬಿಟ್ಟವೆಂದು ನಾನು ಮಕ್ಕಳಿಗೆ ಹೇಳುವುದುಂಟು. ಅದರಲ್ಲಿ ಉತ್ಪ್ರೇಕ್ಷೆ ಬಹಳವಿಲ್ಲ.

ದ್ವೀಪದ ಪಡುವಣಕ್ಕೆ ಇನ್ನೊಂದು ಚಿಕ್ಕ ಸೇತುವೆ. ಅದನ್ನು ದಾಟಿದರೆ ಮರಳಿನ ನಾಲಗೆಯ ಮೇಲೆಯೇ ಕಾಲಿಟ್ಟೆವು. ಅಲ್ಲಿರುವುದು ಗೆಟ್ ಎನ್‌ದಾರ್ ಎಂಬ ಬೆಸ್ತರ ಕೇರಿ. ಒಂದು ಕಡೆ ನದಿ, ಒಂದು ಕಡೆ ಕಡಲು. ನಡುವಣ ಇಕ್ಕಟ್ಟಿನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ. ಬಣ್ಣಬಣ್ಣದ ಚಿತ್ತಾರ ಬರೆದ ಉದ್ದನೆಯ ಮರದ ದೋಣಿಗಳು ಸಾಲುಸಾಲಾಗಿ ನಿಂತಿವೆ. ಗಂಡಸರು ಮೀನು ತಂದರೆ ಹೆಂಗಸರು ಅದನ್ನು ಹರವಿ, ಉಪ್ಪು ಹಾಕಿ, ಒಣಗಿಸಿ, ಮಾರುತ್ತಾರೆ. ಸಮೀಪದಲ್ಲಿಯೇ ಬೆಸ್ತರ ಗೋರಿಗಳ ಮಾಳವಿದೆ. ಅಲ್ಲಿ ಗೋರಿಗಳ ಮೇಲೆ ಮೀನುಬಲೆಗಳನ್ನು ಹೊದಿಸಿರುತ್ತಾರೆ. ಬದುಕಿದ್ದಾಗ ಕೈಹಿಡಿದ ಬಲೆ ಸತ್ತಮೇಲೂ ಕಾಯಲೆಂದೋ ಏನೋ!

ಮಧ್ಯಾಹ್ನದ ಊಟದ ಹೊತ್ತಾಯಿತು. ಈ ಊರಿನ ಹೆಸರಾದ ಅಡುಗೆ ‘ಚೆಬು ಜೆನ್’. ಚೆಬ್ ಎಂದರೆ ಅಕ್ಕಿ, ಜೆನ್ ಎಂದರೆ ಮೀನು. ಮೀನನ್ನೂ ತರಕಾರಿಗಳನ್ನೂ ಬೇಯಿಸಿದ ಸಾರಿನಲ್ಲಿಯೇ ಅನ್ನವನ್ನು ಬೇಯಿಸುತ್ತಾರೆ. ಅಕ್ಕಿ ಇಡಿಯದಲ್ಲ, ನುಚ್ಚಕ್ಕಿ. ಫ್ರೆಂಚರು ತಮ್ಮ ಕೈಕೆಳಗಿದ್ದ ಇಂಡೋಚೈನಾದಿಂದ ನುಚ್ಚಕ್ಕಿಯನ್ನು ತಂದು ಮಾರಿದರು. ಜನ ಅದರಲ್ಲಿಯೇ ರುಚಿ ಕಂಡುಕೊಂಡರು. ದೊಡ್ಡದೊಂದು ತಟ್ಟೆಯ ಸುತ್ತ ಮನೆಯವರೆಲ್ಲ ಕುಳಿತು ಒಟ್ಟಿಗೆ ಉಣ್ಣುವುದು ಅಲ್ಲಿಯ ಪದ್ಧತಿ. 2021ರಲ್ಲಿ ಯುನೆಸ್ಕೊ ಈ ಅಡುಗೆಯನ್ನೂ ಮಾನವಕುಲದ ಪರಂಪರೆಯಲ್ಲಿ ಎಣಿಸಿತು. ನಮ್ಮ ಓದುಗರಲ್ಲಿ ಶಾಕಾಹಾರಿಗಳು ಅಲ್ಲಿಯ ಈರುಳ್ಳಿ, ಗೆಣಸು, ಕೋಸುಗಳಿಂದ ತೃಪ್ತಿಪಡಬೇಕು.

ದೋಣಿ ಹತ್ತುವ ಮುಂಚೆ ಒಂದು ಮಾತು. ಇಲ್ಲಿಯ ಜನ ಬಹುತೇಕ ಮುಸಲ್ಮಾನರು. ಆದರೂ ಈ ನೀರಿಗೆ ಒಬ್ಬ ತಾಯಿಯಿದ್ದಾಳೆಂದು ಊರಿನವರು ನಂಬಿ ಬಂದಿದ್ದಾರೆ. ಅವಳ ಹೆಸರು ಮಾಮ್ ಕುಂಬಾ ಬಾಂಗ್. ‘ಮಾಮ್’ ಎಂದರೆ ಅಜ್ಜಿ. ಮನೆಯಲ್ಲಿ ಮಗು ಹುಟ್ಟಿದಾಗ, ಶುಭಕಾರ್ಯಗಳಾದಾಗ ಹಾಲು ಮೊಸರುಗಳನ್ನೂ ತಿನಿಸನ್ನೂ ನದಿಗೆ ಒಪ್ಪಿಸುವ ವಾಡಿಕೆಯಿದೆ. ಕಾವೇರಿಗೆ ಬಾಗಿನ ಬಿಡುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಳೆ ಕೊಡುವವಳೂ ಹೌದು, ಕಿತ್ತುಕೊಳ್ಳುವವಳೂ ಹೌದು ಎಂಬ ತಿಳಿವಳಿಕೆ ಎರಡು ಕಡೆಗೂ ಒಂದೇ.

ಈಗ ದೋಣಿಯಲ್ಲಿ ದಕ್ಷಿಣಕ್ಕೆ ಸಾಗೋಣ. ಬಲಗಡೆ ಮರಳಿನ ನಾಲಗೆ. ಅದರ ಮೇಲೆ ಮರಳು ಹಾರದಂತೆ ತಡೆಯಲು ನೆಟ್ಟ ಗಾಳಿಮರಗಳು. ಪಟ್ಟಣ ಬಿಟ್ಟು ಏಳು ಕಿಲೋಮೀಟರಿನಷ್ಟು ಬಂದರೆ ಇಂದಿನ ಕಥೆಯ ಮುಖ್ಯ ಸ್ಥಳಕ್ಕೆ ಬಂದೆವು. ಇಲ್ಲಿ 2003ರ ಅಕ್ಟೋಬರ್ ತಿಂಗಳ ಮೊದಲ ವಾರದಲ್ಲಿ ಒಂದು ಕಾಲುವೆಯನ್ನು ತೋಡಿದರು.

ಹಿನ್ನೆಲೆ ಹೀಗಿದೆ. ಆ ವರ್ಷ ಮಳೆ ಜೋರಾಗಿ, ನದಿ ತುಂಬಿ ಬಂದಿತು. ಪಟ್ಟಣವಾದರೋ ಕಡಲಿನ ಮಟ್ಟಕ್ಕಿಂತ ಅಷ್ಟೇನೂ ಎತ್ತರದಲ್ಲಿಲ್ಲ. ಅದಲ್ಲದೆ 1970ರ ದಶಕದ ಬರಗಾಲದಲ್ಲಿ ಹಳ್ಳಿಗಳನ್ನು ಬಿಟ್ಟು ಬಂದ ಬಡವರು, ನೀರು ಬತ್ತಿದ್ದ ತಗ್ಗುಗಳಲ್ಲಿ ಮನೆ ಕಟ್ಟಿಕೊಂಡಿದ್ದರು. ಬರದಲ್ಲಿ ಒಣಗಿದ ನೆಲವನ್ನು ಹೊಳೆ ಮರೆತಿರಲಿಲ್ಲ. ಕೇರಿಗಳಿಗೆ ನೀರು ನುಗ್ಗಿತು. ಹೊಳೆಯ ನೀರು ಕಡಲಿಗೆ ಬೀಳಬೇಕಾದರೆ ಇನ್ನೂ 30 ಕಿ.ಮೀ. ಹೋಗಬೇಕು, ಆದರೆ ಕಡಲೋ, ಈ ಮರಳ ಪಟ್ಟಿಯ ಆಚೆ ಬದಿಯಲ್ಲಿಯೇ ಮೊರೆಯುತ್ತಿದೆ. ಇಷ್ಟನ್ನು ಕಡಿದುಬಿಟ್ಟರೆ ಊರು ಉಳಿಯುತ್ತದೆ ಎಂದು ಅಧಿಕಾರಿಗಳು ನಿಶ್ಚಯಿಸಿದರು. ಯಂತ್ರಗಳು ಬಂದವು. ನಾಲ್ಕು ಮೀಟರು ಅಗಲ, ಒಂದೂವರೆ ಮೀಟರು ಆಳ, ಸುಮಾರು ನೂರು ಮೀಟರು ಉದ್ದ: ಇಷ್ಟೇ ಆ ಕಾಲುವೆ. ನಮ್ಮ ಹಳ್ಳಿಯ ಎರಡು ಎತ್ತಿನ ಗಾಡಿಗಳು ಅಕ್ಕಪಕ್ಕ ಹೋಗುವಷ್ಟು ಅಗಲ ಎನ್ನಿ.

ಕೆಲಸ ಫಲಿಸಿತು. ಕೆಲವೇ ದಿನಗಳಲ್ಲಿ ಪಟ್ಟಣದ ನೀರು ಇಳಿಯಿತು. ಜನ ನಿಟ್ಟುಸಿರು ಬಿಟ್ಟರು. ಆದರೆ ಕಾಲುವೆ ಅಷ್ಟಕ್ಕೇ ನಿಲ್ಲಲಿಲ್ಲ. ದಿನಗಳಲ್ಲಿಯೇ ನಾಲ್ಕು ಮೀಟರು ಹೋಗಿ ಹತ್ತಾರು ಮೀಟರಾಯಿತು. ಬಳಿಕ ನೂರಾರು ಮೀಟರಾಯಿತು. ಕೆಲವೇ ವರ್ಷಗಳಲ್ಲಿ ಒಂದು ಕಿ.ಮೀ. ಮೀರಿತು, ಮುಂದೆ ಇನ್ನೂ ಹಲವು ಕಿ.ಮೀ. ಹಿಗ್ಗಿತು. ನಾಲಗೆ ತುಂಡಾಯಿತು. ದಕ್ಷಿಣದ ಹಳೆಯ ಅಳಿವೆ ಮರಳು ತುಂಬಿ ಮುಚ್ಚಿಹೋಯಿತು. ಪ್ರವಾಹಕ್ಕೆಂದು ತೋಡಿದ ತೂಬು ನದಿಯ ಹೆಬ್ಬಾಗಿಲೇ ಆಯಿತು.

ಹೀಗೇಕಾಯಿತು? ಗದ್ದೆಯಲ್ಲಿ ನೀರು ಹೆಚ್ಚಿದಾಗ ರೈತ ಗುದ್ದಲಿಯಿಂದ ಬದುವನ್ನು ಸ್ವಲ್ಪ ಕಡಿಯುವುದನ್ನು ನೀವು ಕಂಡಿದ್ದೀರಿ. ನೀರಿನ ಎತ್ತರ ಅಷ್ಟೇ ಇದ್ದರೂ, ದೂರ ಕಡಿಮೆಯಾದರೆ ಇಳಿಜಾರು ಹೆಚ್ಚುತ್ತದೆ. ಇಳಿಜಾರು ಹೆಚ್ಚಿದರೆ ವೇಗ ಹೆಚ್ಚುತ್ತದೆ. ವೇಗ ಹೆಚ್ಚಿದ ನೀರು ದಡವನ್ನು ಕೊರೆಯುತ್ತದೆ. ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರಿನಲ್ಲಿ ನಿಧಾನವಾಗಿ ಇಳಿಯುತ್ತಿದ್ದ ನೀರು ನೂರೇ ಮೀಟರಿನಲ್ಲಿ ಇಳಿಯಬೇಕಾಗಿ ಬಂದಿತು. ಬದುವಾದರೆ ಹುಲ್ಲಿನ ಬೇರು ಹೆಣೆದ ಜಿಗುಟು ಮಣ್ಣು. ಇಲ್ಲಿಯದು ಬರಿಯ ಮರಳು. ಹೊಳೆ ಒಳಗಿನಿಂದ ಕೊರೆಯಿತು. ಪ್ರವಾಹ ಇಳಿದ ಮೇಲೆ ಕಡಲಿನ ಉಬ್ಬರವಿಳಿತಗಳು ಅದೇ ಬಾಗಿಲಿನಲ್ಲಿ ದಿನಕ್ಕೆ ಎರಡು ಸಲ ಹೊಕ್ಕು ಹೊರಟು ಅದನ್ನು ತೆರೆದೇ ಇಟ್ಟವು. ರೈತ ಬದುವನ್ನು ಕಡಿಯುವಾಗ ಮತ್ತೆ ಮುಚ್ಚುವುದಕ್ಕೆ ಒಂದು ಹೆಂಟೆಯನ್ನು ಪಕ್ಕದಲ್ಲಿಟ್ಟುಕೊಂಡಿರುತ್ತಾನೆ. ಸೇಂಟ್ ಲೂಯಿಯಲ್ಲಿ ಆ ಹೆಂಟೆ ಯಾರ ಬಳಿಯಲ್ಲಿಯೂ ಇರಲಿಲ್ಲ.

ಕಾಲುವೆಯ ಎದುರಿಗೆ, ನದಿಯ ಈಚೆ ಬದಿಯಲ್ಲಿ ಡುನ್ ಬಾಬಾ ಜಿಯೆ ಎಂಬ ಹಳ್ಳಿಯಿದ್ದಿತು. ‘ಡುನ್’ ಎಂದರೆ ಅಲ್ಲಿಯ ವೊಲೋಫ್ ನುಡಿಯಲ್ಲಿ ನಡುಗಡ್ಡೆ. ನೂರಾರು ಜನ ಮೀನು ಹಿಡಿದು, ತರಕಾರಿ ಬೆಳೆದು, ದನಕರು ಸಾಕಿ ಬಾಳುತ್ತಿದ್ದರು. ಅವರಿಗೂ ಕಡಲಿಗೂ ನಡುವೆ ಮರಳಿನ ನಾಲಗೆ ಅಡ್ಡವಿದ್ದುದರಿಂದ ಅಲೆಗಳ ಭಯವಿರಲಿಲ್ಲ. ಆ ಅಡ್ಡಗೋಡೆ ಬಿದ್ದ ಮೇಲೆ ಅಟ್ಲಾಂಟಿಕ್ ಸಾಗರವೇ ಅವರ ಹಿತ್ತಿಲಿಗೆ ಬಂದಿತು. ಮೊದಲು ಬಾವಿಗಳು ಉಪ್ಪಾದವು, ಬಳಿಕ ತೋಟಗಳು ಕೆಟ್ಟವು, ಆಮೇಲೆ ಒಂದೊಂದಾಗಿ ಮನೆಗಳು ಕುಸಿದವು. ಹತ್ತು ವರ್ಷ ತುಂಬುವುದರೊಳಗೆ ಜನರೆಲ್ಲ ಊರು ಬಿಟ್ಟು ಒಳನಾಡಿಗೆ ಹೋಗಬೇಕಾಯಿತು. ಇಂದು ದೋಣಿಯವರು ನೀರಿನ ಕಡೆಗೆ ಕೈತೋರಿಸಿ ‘ಊರು ಇಲ್ಲಿತ್ತು’ ಎನ್ನಬೇಕಾಗಿದೆ. ಸುತ್ತಣ ಗಾಂಡಿಯೋಲ್ ಸೀಮೆ ಈರುಳ್ಳಿಗೆ ಹೆಸರಾದದ್ದು. ಅಲ್ಲಿಯ ರೈತರೂ ಉಪ್ಪುನೀರಿನ ಪೆಟ್ಟನ್ನು ಉಂಡರು. ಹೊಸ ಅಳಿವೆಯ ಅಲೆಗಳೂ ಸುಳಿಗಳೂ ಅಪಾಯಕಾರಿ. ಕಡಲಿಗೆ ಹೊರಟ ಎಷ್ಟೋ ಬೆಸ್ತರು ಅದರ ಬಾಯಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ.

ಪಟ್ಟಣಕ್ಕಾದರೂ ನೆಮ್ಮದಿ ಬಂದಿತೆ? ಹೊಳೆಯ ಪ್ರವಾಹದ ಭಯ ಕಡಿಮೆಯಾಯಿತು. ಆದರೆ ಕಡಲಿನ ಉಬ್ಬರ ಮೊದಲಿಗಿಂತ ಬಹಳ ಹೆಚ್ಚಾಗಿ ಊರಿನವರೆಗೆ ಏರಿಬರತೊಡಗಿತು. ಇನ್ನು ಗೆಟ್ ಎನ್‌ದಾರಿನ ಪಡುವಣ ಅಂಚನ್ನು ಸಾಗರವೇ ನೇರವಾಗಿ ಕಡಿಯುತ್ತಿದೆ. ಅದು ಕಾಲುವೆಯೊಂದರ ತಪ್ಪಲ್ಲ. ಭೂಮಿಯ ಬಿಸಿಯೇರಿ ಕಡಲಿನ ಮಟ್ಟವೇ ಮೇಲೇರುತ್ತಿರುವುದನ್ನು ಎಲ್ಲರೂ ಬಲ್ಲರು. 2017 ಮತ್ತು 2018ರಲ್ಲಿ ಅಲೆಗಳ ಹೊಡೆತಕ್ಕೆ ಮನೆಗಳ ಸಾಲುಗಳೇ ಬಿದ್ದವು. ವಿಶ್ವಬ್ಯಾಂಕಿನ ನೆರವಿನಿಂದ ಜನರನ್ನು ಒಳನಾಡಿನ ಜೂಗೋಪ್ ಎಂಬಲ್ಲಿಗೆ ಸಾಗಿಸುವ ಕೆಲಸ ನಡೆಯಿತು. ಕೇರಿಯ ಮುಂದೆ ಕಲ್ಲಿನ ತಡೆಗೋಡೆಯನ್ನೂ ಕಟ್ಟಿದರು. ಆದರೆ ಬೆಸ್ತನಿಗೆ ಮನೆಯೆಂದರೆ ದೋಣಿ ಕಾಣುವ ಬಾಗಿಲು. ಕಡಲಿನಿಂದ ಕಿಲೋಮೀಟರುಗಟ್ಟಲೆ ದೂರದಲ್ಲಿ ಸೂರು ಸಿಕ್ಕಿದರೂ ಅವನ ಹೊಟ್ಟೆಪಾಡು ದಡದಲ್ಲಿಯೇ ಉಳಿಯಿತು.

ಹಾಗಾದರೆ ಮನುಷ್ಯ ನದಿಯನ್ನು ಮುಟ್ಟಲೇಬಾರದೆಂದು ಹೇಳುತ್ತೀರಾ ಎಂದು ಯಾರಾದರೂ ಕೇಳಬಹುದು. ಹಾಗಲ್ಲ. ಸೇಂಟ್ ಲೂಯಿಯಿಂದ ಸುಮಾರು 27 ಕಿ.ಮೀ. ಮೇಲೆ ಡಿಯಾಮ ಎಂಬ ಅಣೆಕಟ್ಟಿದೆ; ಅದು 1986ರಲ್ಲಿ ಮುಗಿಯಿತು. ಅದಕ್ಕೆ ಮುಂಚೆ ಬೇಸಗೆಯಲ್ಲಿ ನದಿ ಸೊರಗಿದಾಗ ಕಡಲಿನ ಉಪ್ಪುನೀರು 200 ಕಿ.ಮೀ.ಗೂ ಮಿಗಿಲಾಗಿ ಒಳಗೆ ನುಗ್ಗುತ್ತಿದ್ದಿತು. ಡಿಯಾಮ ಅದನ್ನು ತಡೆದು ಸಾವಿರಾರು ರೈತರಿಗೆ ಸಿಹಿನೀರು ಕೊಟ್ಟಿತು. ಮೇಲೆ ಮಾಲಿ ದೇಶದ ಮನಂತಾಲಿಯಲ್ಲಿ ಮತ್ತೊಂದು ಅಣೆಕಟ್ಟಿದೆ. ಇವೆರಡನ್ನೂ ಕಟ್ಟಿಸಿದ್ದು ಮಾಲಿ, ಮಾರಿಟೇನಿಯ, ಸೆನೆಗಲ್ ದೇಶಗಳು 1972ರಲ್ಲಿ ಸೇರಿ ಸ್ಥಾಪಿಸಿದ ಸಂಸ್ಥೆ. 2006ರಲ್ಲಿ ಗಿನಿಯೂ ಅದನ್ನು ಸೇರಿತು. ಒಂದು ನದಿಗಾಗಿ ನಾಲ್ಕು ದೇಶಗಳು ಒಂದೇ ಮೇಜಿನ ಸುತ್ತ ಕುಳಿತಿರುವುದು ನದೀನೀರಿಗೆ ಜಗಳವಾಡುವ ಎಲ್ಲರಿಗೂ ಒಳ್ಳೆಯ ಪಾಠ. ವರ್ಷಗಟ್ಟಲೆ ಅಳೆದು ಯೋಚಿಸಿ ಮಾಡಿದ ಕೆಲಸಕ್ಕೂ ನೀರು ಹೊಸ್ತಿಲಿಗೆ ಬಂದಾಗ ತರಾತುರಿಯಲ್ಲಿ ಮಾಡಿದ ಕೆಲಸಕ್ಕೂ ವ್ಯತ್ಯಾಸವಿದೆ ಎಂಬುದಷ್ಟೇ ನನ್ನ ಮಾತು. ಕಾಲುವೆ ತೋಡಿದವರು ಕೆಟ್ಟವರಲ್ಲ. ಅವರ ಕಣ್ಣೆದುರಿಗೆ ಮುಳುಗುತ್ತಿದ್ದ ಪಟ್ಟಣವಿದ್ದಿತು. ಆಗ ಮುಳುಗದೆ ಇದ್ದ ಡುನ್ ಬಾಬಾ ಜಿಯೆ ಆ ಲೆಕ್ಕಕ್ಕೆ ಬರಲಿಲ್ಲ.

ಸಂಜೆಯಾಯಿತು. ನಮ್ಮ ಕರಾವಳಿಯಲ್ಲಿರುವಂತೆಯೇ ಇಲ್ಲಿಯೂ ಸೂರ್ಯ ಕಡಲಿನಲ್ಲಿ ಮುಳುಗುತ್ತಾನೆ. ಹಳೆಯ ಅಳಿವೆಯ ಬಳಿ 1976ರಲ್ಲಿ ಮಾಡಿದ ರಾಷ್ಟ್ರೀಯ ಉದ್ಯಾನವಿದೆ. ಅತ್ತಕಡೆಗೆ ಹೆಜ್ಜಾರ್ಲೆಗಳೂ ಕಡಲಕ್ಕಿಗಳೂ ಮರಳುತ್ತಿವೆ. ದೋಣಿಯನ್ನು ಹಿಂದಕ್ಕೆ ತಿರುಗಿಸೋಣ. ವೊಲೋಫ್ ನುಡಿಯಲ್ಲಿ ‘ಸುನು ಗಾಲ್’ ಎಂದರೆ ‘ನಮ್ಮ ದೋಣಿ’. ಸೆನೆಗಲ್ ಎಂಬ ಹೆಸರು ಅದರಿಂದಲೇ ಬಂದಿತೆಂದು ಅಲ್ಲಿಯ ಜನ ಅಕ್ಕರೆಯಿಂದ ಹೇಳುತ್ತಾರೆ. ವಿದ್ವಾಂಸರು ಇದನ್ನು ಸುಲಭವಾಗಿ ಒಪ್ಪುವುದಿಲ್ಲ. ‘ಅಳಿವೆ’ಯ ವಿಷಯದಲ್ಲಿ ನಾನು ಹಟ ಹಿಡಿಯದಿದ್ದಂತೆ ಇಲ್ಲಿಯೂ ಹಿಡಿಯುವುದಿಲ್ಲ; ಆದರೆ ಪಟ್ಟಣದವರೂ ಹಳ್ಳಿಯವರೂ ಕುಳಿತಿರುವುದು ಒಂದೇ ದೋಣಿಯಲ್ಲಿ ಎಂಬ ಅರ್ಥ ನನಗೆ ಹಿಡಿಸಿದೆ.

ಇನ್ನು ಪಟವನ್ನು ಮಡಿಸಿಡಿ, ವಾರ್ತೆಯ ಹೊತ್ತಾಯಿತು. ಮಳೆಗಾಲದಲ್ಲಿ ನಾವು ಆಗಾಗ ಕೇಳುತ್ತೇವೆ: ಇಂಥ ಊರಿನಲ್ಲಿ ಪ್ರವಾಹ ಬಂದಿತು, ನೀರನ್ನು ಹೊರಕ್ಕೆ ಬಿಡಲಾಯಿತು, ಊರು ಅಪಾಯದಿಂದ ಪಾರಾಯಿತು ಎಂದು. ಅಲ್ಲಿಗೆ ಸಮಾಧಾನಪಟ್ಟು ನಾವು ಊಟಕ್ಕೆ ಏಳುತ್ತೇವೆ. ಮುಂದಿನ ಸಲ ಅಂಥ ವಾರ್ತೆ ಬಂದಾಗ, ಏಳುವ ಮೊದಲು, ಮನೆಯ ಮಕ್ಕಳೊಡನೆ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಿ: ಬಿಟ್ಟ ಆ ನೀರು ಯಾವ ಕಡೆಗೆ ಹೋಯಿತು, ಆ ಕಡೆಯಲ್ಲಿ ಯಾರಿದ್ದಾರೆ?